ಎಲುಬಿಲ್ಲದ ಜಿಂಕೆ

ನಮ್ಮ ಮನೆಯಲ್ಲಿ ಎರಡು ಒಲೆ. ಒಂದು ಅಡುಗೆಮನೆಯಲ್ಲಿ, ಇನ್ನೊಂದು ಗರಾಜಿನಲ್ಲಿ. ಮಾಂಸ, ಮೀನು ಎಲ್ಲ ಗರಾಜಿನ ಒಲೆಯ ಮೇಲೆಯೇ. ಇದು ಮಡಿಯ ಮಾತಲ್ಲ. ಮಿಶಿಗನ್ನಿನ ಚಳಿಯಲ್ಲಿ ಕಿಟಕಿ ತೆರೆಯುವಂತಿಲ್ಲ. ಒಳಗೆ ಮಸಾಲೆ ಹುರಿದರೆ ಬಾಗಿಲ ಪಕ್ಕದ ಕಪಾಟಿನಲ್ಲಿ ನೇತುಹಾಕಿದ ಕೋಟುಗಳಿಗೆಲ್ಲ ವಾಸನೆ ಹಿಡಿಯುತ್ತದೆ, ಮಾರ್ಚ್ ತಿಂಗಳವರೆಗೂ ಬಿಡುವುದಿಲ್ಲ. ಮಗಳು ಒಂದು ದಿನ ಸ್ಕೂಲಿನಿಂದ ಬಂದವಳೇ ಕೋಟು ಬಿಸಾಕಿ, "ಮಾಮ್, ಮೈ ಕೋಟ್ ಸ್ಮೆಲ್ಸ್ ಲೈಕ್ ಡಿನ್ನರ್" ಅಂದಳು. ಆ ವಾರವೇ ನನ್ನ ಗಂಡ ಗರಾಜಿಗೆ ಗ್ಯಾಸ್ ಒಲೆ ತಂದಿಟ್ಟರು. ಕ್ಯಾಂಟನ್ನಿನಲ್ಲಿ ನಮ್ಮ ಸಬ್‌ಡಿವಿಜನ್ನಿನ ಎಷ್ಟೋ ಮನೆಗಳಲ್ಲಿ ಹೀಗೇ. ಸಂಜೆ ಯಾರದಾದರೂ ಗರಾಜಿನ ಬಾಗಿಲು ಮೊಣಕಾಲೆತ್ತರ ಮೇಲೆ ಹೋಗಿದ್ದರೆ ಒಳಗೆ ಮೀನು ಕರಿಯುತ್ತಿದ್ದಾರೆ ಎಂದು ತಿಳಿಯಬೇಕು.

ಆ ಒಲೆಯ ಮೇಲೆ ನಾನು ಮಾಡುವ ಮೇಕೆ ಸಾರಿಗೆ ಈ ಕಡೆ ಸ್ವಲ್ಪ ಹೆಸರಿದೆ. ಹಗಲು ಇಂಡಿಯನ್ ಅಂಗಡಿಯ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತೇನೆ. ಅಲ್ಲಿಗೆ ಬರುವವರು ಹುಟ್ಟುಹಬ್ಬ, ಗೃಹಪ್ರವೇಶ ಅಂದರೆ, "ಆಂಟಿ, ನಿಮ್ಮ ಕೈ ಸಾರೇ ಬೇಕು" ಅನ್ನುತ್ತಾರೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಗಂಡ, ತಮ್ಮ ಇಬ್ಬರೂ ಇಂಜಿನಿಯರುಗಳು. ಅವರಿಬ್ಬರು ಕೂತು ಕೆಲಸದ ಮಾತು ಶುರು ಮಾಡಿದರೆ ನನಗೆ ಏನೂ ತಿಳಿಯುವುದಿಲ್ಲ. ತಟ್ಟೆಗೆ ಸಾರು ಬಿದ್ದ ಮೇಲೆ ಮಾತ್ರ ಇಬ್ಬರೂ ತಲೆ ಎತ್ತಿ ನನ್ನ ಮುಖ ನೋಡುತ್ತಾರೆ. ಆ ನೋಟ ನನಗೆ ರೂಢಿಯಾಗಿಬಿಟ್ಟಿತ್ತು. ಮುಂದೆ ಆದದ್ದಕ್ಕೆ ಕಾರಣ ಅದೇ ಇರಬೇಕು.

ತಮ್ಮ ನನಗಿಂತ ಆರು ವರ್ಷ ಚಿಕ್ಕವನು. ಮೊದಲು ಲಿವೋನಿಯಾದಲ್ಲಿದ್ದ, ನಮ್ಮ ಮನೆಯಿಂದ ಇಪ್ಪತ್ತು ನಿಮಿಷ. ಈಗ ಶಿಕಾಗೋ ಹತ್ತಿರ ಡೆಸ್ ಪ್ಲೇನ್ಸಿನಲ್ಲಿ ಕೆಲಸ. ಲಿವೋನಿಯಾದಲ್ಲಿ ಅವನ ಪಕ್ಕದ ಮನೆಯಲ್ಲಿ ಅಮೆರಿಕದ ಮುದುಕರೊಬ್ಬರಿದ್ದರು, ಕಾರು ಕಾರ್ಖಾನೆಯಿಂದ ನಿವೃತ್ತರಾದವರು. ತಮ್ಮ ಅವರನ್ನು ಅಂಕಲ್ ಅನ್ನುತ್ತಾನೆ. ಪ್ರತಿ ವರ್ಷ ನವೆಂಬರಿನಲ್ಲಿ ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿಕೊಂಡು ಉತ್ತರಕ್ಕೆ ಜಿಂಕೆ ಬೇಟೆಗೆ ಹೋಗುತ್ತಾರೆ. ಇವನು ಕುತೂಹಲಕ್ಕೆ ಒಂದು ವರ್ಷ ಜೊತೆಗೆ ಹೋದ, ಮರುವರ್ಷ ಬಂದೂಕು ಹಿಡಿಯುವುದನ್ನು ಕಲಿತ, ಲೈಸೆನ್ಸ್ ಮಾಡಿಸಿಕೊಂಡ. ಕಳೆದ ನವೆಂಬರಿನಲ್ಲಿ ಮೊದಲ ಜಿಂಕೆ ಹೊಡೆದ.

ಅಲ್ಲಿಂದ ಸೀದಾ ನಮ್ಮ ಮನೆಗೆ ಬಂದ. ಗಡ್ಡ ಬೆಳೆದಿತ್ತು, ಬೂಟಿನ ತುಂಬ ಒಣ ಎಲೆ. ಐಸ್ ಪೆಟ್ಟಿಗೆಯಿಂದ ಬಿಳಿ ಕಾಗದದಲ್ಲಿ ಸುತ್ತಿದ ಪೊಟ್ಟಣಗಳನ್ನು ಒಂದೊಂದಾಗಿ ತೆಗೆದು ಗರಾಜಿನ ಫ್ರೀಜರಿಗೆ ಇಟ್ಟ. ಮಗುವನ್ನು ಮಲಗಿಸುವ ಹಾಗೆ ಇಟ್ಟ.

"ಎಲುಬೆಲ್ಲ ನಾನೇ ಬಿಡಿಸೀನಿ ಅಕ್ಕ. ಅಂಕಲ್ ಶೆಡ್ಡಿನಾಗೆ ನಿಂತ್ಕೊಂಡು. ಕೈ ಇನ್ನೂ ಮರಗಟ್ಟೈತೆ ನೋಡು."

"ಎಲುಬು ಯಾಕೋ ಬಿಟ್ಟೆ? ಸಾರಿಗೆ ರುಚಿ ಬರೋದೇ ಎಲುಬಿನಾಗೆ."

"ಸಾರು ಮಾಡಂಗಿಲ್ಲ. ಕೇಳು ಇಲ್ಲಿ. ತೊಳಿಬಾರದು. ಮೇಲಿನ ಬಿಳಿ ಪೊರೆ ತೆಗಿಬೇಕು, ಉಪ್ಪು ಹಚ್ಚಬೇಕು, ಕಾದ ಕಬ್ಬಿಣದ ಪ್ಯಾನಿಗೆ ಹಾಕ್ಬೇಕು. ಒಳಗೆ ಕೆಂಪಿದ್ದಾಗ್ಲೇ ತೆಗೆದು ಸುಮ್ನೆ ಹಂಗೇ ಬಿಡಬೇಕು. ಅಷ್ಟೇ."

"ತೊಳಿಬಾರದಾ? ರಕ್ತ?"

"ರಕ್ತ ಅಲ್ಲ ಅದು, ಮಾಂಸದ ರಸ."

"ಇಂಜಿನಿಯರಿಂಗ್ ಓದಿ ಕೊನೆಗೆ ಹಸಿ ಮಾಂಸ ತಿನ್ನೋದು ಕಲ್ತೆಯಲ್ಲಪ್ಪ" ಅಂದೆ. ನನ್ನ ಗಂಡ ಆ ಕಡೆಯಿಂದ, "ಅವ್ನು ಹುಲಿ ವಂಶ, ನೀನು ಮುದ್ದೆ ವಂಶ, ಬಿಡು" ಅಂದರು.

ತಮ್ಮ ನಗಲಿಲ್ಲ. "ಮೊಲದ ರುಚಿ ಅಂತಿದ್ಯಲ್ಲ, ಇದೂ ಕಾಡಿಂದೇ, ಅದೇ ರುಚಿ ಐತಾ ನೋಡ್ಬೇಕು ಅಕ್ಕ. ಮಸಾಲೆ ಹಾಕಿದ್ರೆ ಗೊತ್ತಾಗಲ್ಲ. ಕ್ರಿಸ್‌ಮಸ್ ರಜಾಕ್ಕೆ ಅಂಕಲ್‌ನ ಕರ್ಕೊಂಡು ಬರ್ತೀನಿ. ನೀನೇ ಮಾಡು. ನಿನಗೊಬ್ಬಳಿಗೇ ಗೊತ್ತಿರೋದು ಆ ರುಚಿ."

ಮೊಲದ ಕಥೆ ಇಷ್ಟು. ಊರಿನಲ್ಲಿ ನಾನು ಸಣ್ಣವಳಿದ್ದಾಗ ಅಪ್ಪ ಕೆಲವೊಮ್ಮೆ ಬಲೆ ಹಾಕಿ ಮೊಲ ಹಿಡಿದು ತರುತ್ತಿದ್ದ. ಹೊಲದಲ್ಲೇ ಸೌದೆ ಹಚ್ಚಿ ಸುಟ್ಟು, ಉಪ್ಪು, ಜಜ್ಜಿದ ಮೆಣಸಿನಕಾಯಿ ಸವರಿ ಕೊಡುತ್ತಿದ್ದ. ಆಗ ತಮ್ಮ ತೊಟ್ಟಿಲಲ್ಲಿದ್ದ. ಅವನಿಗೆ ಹಲ್ಲು ಬರುವ ಹೊತ್ತಿಗೆ ಕಾಯಿದೆ ಬಿಗಿಯಾಗಿ ಅಪ್ಪ ಬಲೆಯನ್ನು ಅಟ್ಟಕ್ಕೆ ಎಸೆದಿದ್ದ. ಹಾಗಾಗಿ ಮೊಲದ ರುಚಿ ಅವನಿಗೆ ನನ್ನ ಬಾಯಿಂದ ಮಾತ್ರ ಗೊತ್ತು. ಅವನು ಊಟಕ್ಕೆ ಹಟ ಮಾಡಿದಾಗೆಲ್ಲ ನಾನು ಮೊಲ ತೆಗೆಯುತ್ತಿದ್ದೆ. "ಗರಿಕೆ ಹುಲ್ಲಿನ ವಾಸನೆ ಕಣೋ. ಅಗಿದರೆ ಗಡ್ಡೆ ಸಿಹಿ. ಆಮೇಲೆ ಬಾಯಿತುಂಬ ಮಳೆ ಬಂದ ಮಣ್ಣು." ಅವನು ಬಾಯಿ ತೆರೆದು ಕೇಳುತ್ತಿದ್ದ, ತೆರೆದ ಬಾಯಿಗೆ ನಾನು ತುತ್ತು ಇಡುತ್ತಿದ್ದೆ. ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ ಅವನ ಎಳೆಗಾಲದ್ದೆಲ್ಲ ಉಳಿದಿರುವುದು ನನ್ನ ಬಾಯಲ್ಲಿ ಮಾತ್ರ. ಕೆಲಸ ಮುಗಿಸಿ ಡ್ರೈವ್ ಮಾಡುತ್ತ ದಿನಾ ಸಂಜೆ ಫೋನ್ ಮಾಡಿ ಕೇಳುತ್ತಿದ್ದುದು ಅದನ್ನೇ. ಮನೆ ಮುಂದೆ ಬೇವಿನಮರ ಇತ್ತಲ್ಲ, ಅದನ್ನ ಯಾರು ಕಡಿಸಿದ್ದು? ಅವ್ವ ಸಿಟ್ಟು ಬಂದರೆ ಏನನ್ನುತ್ತಿದ್ದಳು? ನಾನು ಹೇಳುತ್ತಿದ್ದೆ. "ಎಕ್ಸಿಟ್ ಬಂತಕ್ಕ, ಇಡ್ತೀನಿ" ಎಂದು ಇಡುತ್ತಿದ್ದ.

ಅವನು ಶಿಕಾಗೋಗೆ ವಾಪಸ್ ಹೋದ ಮೇಲೆ ನಾನು ಒಂದು ಪೊಟ್ಟಣ ಕರಗಿಸಿ ನೋಡಿದೆ. ಮೊದಲೇ ಕೈ ಕುದುರಿಸಿಕೊಳ್ಳೋಣ ಎಂದು. ಕಾಗದ ಬಿಚ್ಚಿದರೆ ಒಳಗೆ ಕೆಂಪು ಅಂದರೆ ಎಂಥ ಕೆಂಪು! ಮೇಕೆ ಮಾಂಸದ ಹಾಗೆ ತಿಳಿಗೆಂಪಲ್ಲ, ಬೀಟ್‌ರೂಟ್ ಕೊಯ್ದ ಹಾಗೆ. ಕೊಬ್ಬಿನ ಒಂದು ಎಳೆಯೂ ಇಲ್ಲ. ಮೂಗಿನ ಹತ್ತಿರ ಹಿಡಿದೆ. ಮೇಕೆಯ ನಾತವಿಲ್ಲ, ಕುರಿಯ ಜಿಡ್ಡಿಲ್ಲ. ತಣ್ಣಗಿನ ಏನೋ ಒಂದು ವಾಸನೆ, ಹಳೆಯ ಕಬ್ಬಿಣದ ಬೀಗ ಮೂಸಿದ ಹಾಗೆ. ಇದೇನಿದು ಎಂದು ಮತ್ತೆ ಮತ್ತೆ ಮೂಸಿದೆ. ಅಷ್ಟಕ್ಕೇ ನಿಲ್ಲಿಸಿ ಉಪ್ಪು ಹಚ್ಚಿದ್ದರೆ ಆಗುತ್ತಿತ್ತು.

ಆದರೆ ನನ್ನ ಕೈ ಕೇಳಬೇಕಲ್ಲ. ತೊಳೆಯದ ಮಾಂಸವನ್ನು ಒಲೆಗೆ ಇಟ್ಟರೆ ಅವ್ವ ಮೇಲಿನಿಂದ ಬೈಯುತ್ತಾಳೆ ಅನಿಸಿತು. ಅರಿಶಿನ, ಕಲ್ಲುಪ್ಪು ಹಾಕಿ ನೀರು ತಿಳಿಯಾಗುವವರೆಗೂ ಹಿಂಡಿ ಹಿಂಡಿ ತೊಳೆದೆ. ಕೆಂಪೆಲ್ಲ ಸಿಂಕಿಗೆ ಹೋಯಿತು. ಕೈಯಲ್ಲಿ ಉಳಿದದ್ದು ಒಗೆದ ಬಟ್ಟೆಯ ಬಣ್ಣದ ತುಂಡು. ಮೊಸರಲ್ಲಿ ನೆನೆಸಿದೆ. ಕುಕ್ಕರಿಗೆ ಹಾಕಿ ಮೇಕೆಗೆ ಕೂಗಿಸುವಷ್ಟೇ ಸೀಟಿ ಕೂಗಿಸಿದೆ. ಮುಚ್ಚಳ ತೆಗೆದರೆ ತೆಂಗಿನ ನಾರು. ಇನ್ನೂ ಬೇಯಲಿ ಎಂದು ಮತ್ತೆ ಕೂಗಿಸಿದೆ, ನಾರು ಹಗ್ಗವಾಯಿತು. ಕೊಬ್ಬಿಲ್ಲದ ಮಾಂಸ ಬೆಂದಷ್ಟೂ ಮೆತ್ತಗಾಗುವುದಿಲ್ಲ, ಬೆಂದಷ್ಟೂ ಗಟ್ಟಿಯಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಅವನು ಹೇಳಿದ್ದು ಅದನ್ನೇ. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ತಟ್ಟೆಗೆ ಬಡಿಸಿದ್ದನ್ನು ಗಂಡ ಅಗಿದು ಅಗಿದು, "ಇದು ಜಿಂಕೆನಾ, ಜಿಂಕೆ ಕಟ್ಟಿದ ಹಗ್ಗನಾ?" ಅಂದರು. ಮಗಳು ಮೊದಲೇ, "ಐ ಆಮ್ ನಾಟ್ ಈಟಿಂಗ್ ದಟ್" ಎಂದು ಸೀರಿಯಲ್ ಡಬ್ಬಿ ಹಿಡಿದು ಕೂತಿದ್ದಳು.

ಅದರ ಮುಂದಿನ ಪೊಟ್ಟಣಕ್ಕೆ ಮೆತ್ತಗಾಗಲಿ ಎಂದು ಪಪ್ಪಾಯ ಹಚ್ಚಿದೆ, ಅದು ಹಿಟ್ಟಾಯಿತು. ಆಗಲಾದರೂ ತಮ್ಮನಿಗೆ ಫೋನ್ ಮಾಡಿ, ಕೆಟ್ಟಿತು ಕಣೋ, ಹೇಗೆ ಮಾಡಲಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಮಾಂಸದ ವಿಷಯದಲ್ಲಿ ನಾನು ಯಾರನ್ನೂ ಕೇಳಿ ಗೊತ್ತಿಲ್ಲ.

ಅವರು ಬರುವ ದಿನ ಬೆಳಗ್ಗೆ ಉಳಿದದ್ದನ್ನು ತೆಗೆದೆ. ಇವತ್ತು ಅವನು ಹೇಳಿದ ಹಾಗೇ ಮಾಡುವುದು ಎಂದು ತೀರ್ಮಾನಿಸಿದ್ದೆ. ತೊಳೆಯಲಿಲ್ಲ, ಉಪ್ಪು ಹಚ್ಚಿದೆ, ಪ್ಯಾನಿಗೆ ಹಾಕಿದೆ. ಎರಡೂ ಕಡೆ ಕಂದು ಬಂತು. ಒಂದು ತುಂಡು ಕೊಯ್ದು ನೋಡಿದೆ. ಒಳಗೆ ಕೆಂಪು, ಹಲಗೆಯ ಮೇಲೆ ಕೆಂಪು ನೀರು. ಇದನ್ನು ಮನೆಗೆ ಬಂದವರ ಮುಂದೆ ಇಡುವುದೇ? ಅರೆಬೆಂದದ್ದನ್ನು ಬಡಿಸಿದಳು ಅನ್ನಿಸಿಕೊಳ್ಳುವುದೇ? ಎಲ್ಲವನ್ನೂ ಎತ್ತಿ ಕುಕ್ಕರಿಗೆ ಹಾಕಿ ಮುಚ್ಚಳ ತಿರುಗಿಸಿದೆ. ಮುಂದೆ ಹೇಳಬೇಕಿಲ್ಲ.

ಹಗ್ಗವನ್ನು ಕಸದ ಚೀಲಕ್ಕೆ ಸುರಿದು ಗಂಡನನ್ನು ಹಲಾಲ್ ಅಂಗಡಿಗೆ ಓಡಿಸಿದೆ. "ಮೇಕೆ ತನ್ನಿ. ತೊಡೆ ಭಾಗ. ಎಳೇದು."

ಅವರು ಕಾರಿನ ಕೀಲಿ ಹಿಡಿದು ನಿಂತೇ ಇದ್ದರು. "ಮೇಕೆ ಅಂತ್ಲೇ ಹೇಳ್ತೀಯ ತಾನೆ?"

"ನೀವು ಹೋಗಿ ಬನ್ನಿ."

ಮಧ್ಯಾಹ್ನ ಊಟಕ್ಕೆ ಕೂತರು. ಮುದುಕರು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ನನಗೊಂದು ಹೂವಿನ ಕುಂಡ ತಂದಿದ್ದರು. ಸಾರು ನೋಡಿ ತಮ್ಮನ ಮುಖ ಸ್ವಲ್ಪ ಇಳಿಯಿತು. "ಸಾರೇ ಮಾಡ್ಬಿಟ್ಯಾ?" ಅಂದ.

"ಮಸಾಲೆ ಕಮ್ಮಿ ಹಾಕೀನಿ. ತಿಂದು ನೋಡು ಮೊದ್ಲು."

ಅವನು ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದ. ನಾಲ್ಕು ವರ್ಷದವನಿದ್ದಾಗ ಮುಚ್ಚುತ್ತಿದ್ದ ಹಾಗೇ. ನಿಧಾನ ಅಗಿದ. ಕಣ್ಣು ಬಿಡದೆಯೇ ಕೇಳಿದ, "ಇದೇನಾ ಅಕ್ಕ? ಮೊಲ ಹಿಂಗೇ ಇತ್ತಾ?"

"ಹ್ಞೂಂ. ಇದೇ" ಅಂದೆ.

ನನ್ನ ತಪ್ಪು ಯಾವುದು ಎಂದು ಕೇಳಿದರೆ ಆ ಮಾತನ್ನೇ ತೋರಿಸುತ್ತೇನೆ. ಮಾಂಸ ಕೆಡಿಸಿದ್ದಲ್ಲ, ಮೇಕೆ ತರಿಸಿದ್ದೂ ಅಲ್ಲ.

ಅವನ ಮುಖ ಅರಳಿತು. ಮುದುಕರಿಗೆ ಇಂಗ್ಲಿಷಿನಲ್ಲಿ ಏನೇನೋ ಹೇಳಿದ. ಫಾದರ್, ರ್ಯಾಬಿಟ್ ಎಂಬುದಷ್ಟು ನನಗೆ ತಿಳಿಯಿತು. ಅವರು ನನ್ನ ಕಡೆ ತಿರುಗಿ, ನೀವು ಅದೃಷ್ಟವಂತರು ಎಂಬಂತೆ ತಲೆದೂಗಿದರು. ತಮ್ಮ ಇನ್ನೊಂದು ಸೌಟು ಹಾಕಿಸಿಕೊಂಡ. ಮುದ್ದೆ ಮುರಿದು ಸಾರಲ್ಲಿ ಅದ್ದುವಾಗ ಅವನ ಬೆರಳಿಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಎತ್ತಿ ನೋಡಿದ. ನಲ್ಲಿ ಎಲುಬು.

ಹಲಾಲ್ ಅಂಗಡಿಯಲ್ಲಿ ಕತ್ತರಿಸಿ ಕೊಡುವವನು ರೂಢಿಯಂತೆ ಎಲುಬು ಸೇರಿಸಿಯೇ ಕೊಟ್ಟಿದ್ದ. ನಾನೂ ರೂಢಿಯಂತೆ ಎಲುಬು ಸೇರಿಸಿಯೇ ಬೇಯಿಸಿದ್ದೆ. ಇಷ್ಟು ವರ್ಷ ಎಲುಬಿಲ್ಲದೆ ಸಾರು ಮಾಡಿದವಳೇ ಅಲ್ಲ ನಾನು, ಹೊಳೆಯಲೇ ಇಲ್ಲ.

ತಮ್ಮ ಎಲುಬನ್ನು ಬೆಳಕಿಗೆ ಹಿಡಿದ ಹಾಗೆ ಹಿಡಿದುಕೊಂಡೇ ಇದ್ದ. ಮುದುಕರು ಎಲುಬನ್ನು ನೋಡಿದರು, ಆಮೇಲೆ ತಮ್ಮದೇ ತಟ್ಟೆಯ ಕಡೆ ಬಗ್ಗಿ ಅನ್ನ ಕಲಸತೊಡಗಿದರು. ಗಂಡನಿಗೆ ಕೆಮ್ಮು ಬಂತು. ತಮ್ಮ ಎಲುಬನ್ನು ತಟ್ಟೆಯ ಅಂಚಿಗೆ ಎರಡು ಸಲ ಕುಟ್ಟಿ, ಬಾಯಿಗಿಟ್ಟು ಒಳಗಿನದನ್ನು ಹೀರಿದ. ಕೆಳಗಿಟ್ಟ.

"ಒಂಚೂರು ಅನ್ನ ಹಾಕಕ್ಕ" ಅಂದ.

ಹೋಗುವಾಗ ಎಲ್ಲರಿಗೂ ಹೇಳುವ ಹಾಗೆಯೇ ಹೇಳಿ ಹೋದ. ಫ್ರೀಜರಿನ ಕಡೆ ನೋಡಲಿಲ್ಲ.

ಅದಾದ ಮೇಲೂ ಸಂಜೆ ಫೋನ್ ಬರುತ್ತಿತ್ತು. ಹೇಗಿದ್ದೀಯ, ಭಾವ ಹೇಗಿದ್ದಾರೆ, ಅಲ್ಲಿ ಎಷ್ಟು ಸ್ನೋ ಬಿತ್ತು. ಬೇವಿನಮರ ಇಲ್ಲ, ಅವ್ವ ಇಲ್ಲ. ಒಮ್ಮೆ ನಾನಾಗಿಯೇ, "ಅಪ್ಪ ನಿನ್ನ ಹೆಗಲ ಮೇಲೆ ಕೂರಿಸ್ಕೊಂಡು ಕೆರೆ ಏರಿ ಮೇಲೆ ಹೋಗ್ತಿದ್ದ ನೋಡು" ಎಂದು ಶುರು ಮಾಡಿದೆ. "ಹೌದಾ" ಅಂದ. ಕೇಳುವ ಹೌದಾ ಅಲ್ಲ ಅದು. ಇವಳು ಹೇಳುವುದರಲ್ಲಿ ನಿಜ ಎಷ್ಟು ಎಂದು ಅಳೆಯುವ ಹೌದಾ. ಫೋನ್ ಇಟ್ಟ ಮೇಲೆ ನನಗೇ ಅನುಮಾನ ಬಂತು: ಅಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡದ್ದು ನಿಜವೇ? ಒಂದು ಸುಳ್ಳಿಗೆ ಎಲ್ಲ ಕಥೆಗಳೂ ಕೆಡುತ್ತವೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅವನ ಪಾಲಿಗೆ ಅಪ್ಪ, ಅವ್ವ, ಊರು ಎಲ್ಲ ಇದ್ದದ್ದು ನನ್ನ ಮಾತಿನಲ್ಲಿ. ಆ ಮಾತನ್ನು ಅವನು ನಂಬದೆ ಹೋದರೆ ಅವನಿಗೆ ಉಳಿಯುವುದೇನು? ನನಗಾದರೂ ಕೇಳುವವರು ಇನ್ನು ಯಾರು?

ಫೆಬ್ರವರಿಯಲ್ಲಿ ತೆಂಗಿನತುರಿ ತೆಗೆಯಲೆಂದು ಫ್ರೀಜರಿಗೆ ಕೈ ಹಾಕಿದಾಗ ಅಡಿಯಲ್ಲಿ, ಬಟಾಣಿ ಚೀಲದ ಕೆಳಗೆ, ಬಿಳಿ ಕಾಗದ ಸಿಕ್ಕಿತು. ಒಂದು ಪೊಟ್ಟಣ ಉಳಿದುಬಿಟ್ಟಿತ್ತು. ಗರಾಜಿನ ತಣ್ಣನೆ ನೆಲದ ಮೇಲೆ ಅದನ್ನು ಹಿಡಿದು ನಿಂತಿದ್ದೆ. ಈ ಸಲ ಗುಟ್ಟಾಗಿ ಚೆನ್ನಾಗಿ ಮಾಡಿ ಕಳಿಸಿಬಿಡಲೇ ಎಂದು ಮನಸ್ಸು ಆಗಲೂ ಕೇಳಿತು. ಮನಸ್ಸಿನ ಬುದ್ಧಿ ನೋಡಿ.

ಶನಿವಾರ ಬೆಳಗ್ಗೆ ಡಿಯರ್‌ಬಾರ್ನಿನಲ್ಲಿ ಶಿಕಾಗೋ ಟ್ರೈನ್ ಹತ್ತಿದೆ. ತೊಡೆಯ ಮೇಲೆ ಊಟದ ಚೀಲ, ಒಳಗೆ ಐಸ್, ಐಸಿನ ನಡುವೆ ಪೊಟ್ಟಣ. ದಾರಿಯುದ್ದಕ್ಕೂ ಕೊಯ್ದ ಜೋಳದ ಹೊಲಗಳ ಮೇಲೆ ಸ್ನೋ. ಒಂದು ಕಡೆ ಹೊಲದಂಚಿಗೆ ಜಿಂಕೆಗಳು ನಿಂತಿದ್ದವು. ಮೂತಿಯಿಂದ ಸ್ನೋ ಸರಿಸಿ ಏನೋ ಹುಡುಕುತ್ತಿದ್ದವು. ಏನು ತಿನ್ನುತ್ತವೆ ಇವು ಈ ಚಳಿಯಲ್ಲಿ ಎಂದು ಯೋಚಿಸಿದೆ. ಇಷ್ಟು ವರ್ಷ ಈ ದೇಶದಲ್ಲಿದ್ದು ಆ ಪ್ರಶ್ನೆ ನನಗೆ ಬಂದದ್ದು ಅವತ್ತೇ.

ತಮ್ಮ ಸ್ಟೇಷನ್ನಿಗೆ ಬಂದಿದ್ದ. ಕಾರಿನಲ್ಲೂ ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಅವನ ಅಪಾರ್ಟ್‌ಮೆಂಟಿನ ಸಣ್ಣ ಅಡುಗೆಮನೆಯಲ್ಲಿ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟೆ. ತಲೆಯ ಮೇಲೆ ವಿಮಾನ ಇಳಿಯುವ ಸದ್ದಿಗೆ ಕಿಟಕಿ ನಡುಗುತ್ತಿತ್ತು. ಸದ್ದು ದಾಟಿ ಹೋಗಲಿ ಎಂದು ಕಾದು ಹೇಳಿದೆ.

"ಅವತ್ತಿಂದು ಮೇಕೆ ಕಣೋ. ಜಿಂಕೆ ಎಲ್ಲ ನಾನು ಕೆಡಿಸ್ದೆ. ತೊಳೆದು, ಕೂಗ್ಸಿ, ಹಗ್ಗ ಮಾಡಿ ಬಿಸಾಕ್ದೆ."

"ಗೊತ್ತಕ್ಕ" ಅಂದ. "ನಾನು ಹೊಡೆದಿದ್ದು ಎಲುಬಿಲ್ಲದ ಜಿಂಕೆ."

ನಗು ಬಂದ ಹಾಗಾಯಿತು. ಅವನು ಮಾತ್ರ ನಗುತ್ತಿರಲಿಲ್ಲ.

"ಮೇಕೆ ಹಾಕಿದ್ದಕ್ಕೆ ನನಗೇನೂ ಇಲ್ಲ. ಇದೇನಾ ಅಂತ ಕೇಳ್ದೆ ನೋಡು. ಹ್ಞೂಂ ಅಂದ್ಯಲ್ಲ. ಯಾಕಂದೆ?"

ಮುಚ್ಚಿಕೊಳ್ಳುವಂಥದ್ದು ಇನ್ನೇನೂ ಉಳಿದಿರಲಿಲ್ಲ.

"ನನಗೆ ಆ ರುಚಿ ನೆನಪಿಲ್ಲ. ಯಾವಾಗ್ಲೋ ಮರೆತುಹೋಗೈತೆ. ನಿನಗೆ ಹೇಳಿ ಹೇಳಿ ಮಾತು ಮಾತ್ರ ನೆನಪು ಉಳೀತು. ಗರಿಕೆ, ಗಡ್ಡೆ, ಮಣ್ಣು ಎಲ್ಲ ನೀನು ಉಣ್ಲಿ ಅಂತ ಸೇರಿಸಿದ್ದು."

ಅವನು ಪೊಟ್ಟಣ ತಿರುಗಿಸಿ, ಕಾಗದದ ಮೇಲೆ ತಾನೇ ಬರೆದಿದ್ದ ತಾರೀಖು ಓದಿದ. ಆಮೇಲೆ ಡ್ರಾಯರ್ ಎಳೆದು ಚಾಕು ತೆಗೆದ. "ಬಾ, ಪೊರೆ ಬಿಡಿಸು. ನಿನ್ನ ಕೈ ಚುರುಕು."

ಮಾಂಸ ಟ್ರೈನಿನಲ್ಲೇ ಅರ್ಧ ಕರಗಿತ್ತು. ಪೂರ್ತಿ ಕರಗುವವರೆಗೆ ಇಬ್ಬರೂ ಟೀ ಕುಡಿದೆವು. ಆಮೇಲೆ ನಾನು ಪೊರೆ ಬಿಡಿಸಿದೆ. ಬೆಳ್ಳಗೆ, ಹೊಳೆಯುವ ರೇಷ್ಮೆಯಂಥ ಪೊರೆ. ಅದರ ಕೆಳಗೆ ಚಾಕು ತೂರಿಸಿ ಎಳೆದರೆ ಉದ್ದಕ್ಕೆ ಸುಲಿದು ಬರುತ್ತದೆ. ಅದನ್ನು ಬಿಟ್ಟರೆ ಬಿಸಿಗೆ ಮುದುಡಿ ಮಾಂಸವನ್ನೂ ಬಿಗಿಯುತ್ತದಂತೆ. ತಮ್ಮ ಕಾಗದದ ಟವೆಲಿನಿಂದ ಒತ್ತಿ ತೇವ ತೆಗೆದ. ನನ್ನ ಕೈ ನಲ್ಲಿಯ ಕಡೆ ಹೋಯಿತು. "ಅಕ್ಕಾ" ಅಂದ. ಕೈ ಹಿಂದಕ್ಕೆ ತಗೊಂಡೆ. ಉಪ್ಪು ಬಿಟ್ಟು ಬೇರೇನೂ ಇಲ್ಲ. ಪ್ಯಾನ್ ಹೊಗೆಯಾಡಿದಾಗ ಸ್ವಲ್ಪ ತುಪ್ಪ ಬಿಟ್ಟು ಮಾಂಸ ಇಳಿಸಿದ. ಚೊರ್ ಅಂದಿತು. ಅದರ ಬೆನ್ನಿಗೇ ಹೊಗೆಯ ಅಲಾರಮ್ಮು ಕಿರುಚಿಕೊಂಡಿತು. ಅವನು ಕುರ್ಚಿ ಹತ್ತಿ ಟವೆಲ್ ಬೀಸುತ್ತ, "ತಿರುಗ್ಸಕ್ಕ, ತಿರುಗ್ಸು!" ಎಂದು ಕೂಗಿದ. ತಿರುಗಿಸಿದೆ. "ತೆಗಿ ಈಗ!"

"ಇನ್ನೂ ಬೆಂದಿಲ್ಲ ಕಣೋ!"

"ತೆಗಿ ಅಂದ್ರೆ!"

ತೆಗೆದೆ. ಜೀವನದಲ್ಲಿ ಮೊದಲ ಸಲ ಬೇಯುವ ಮುಂಚೆ ಮಾಂಸವನ್ನು ಒಲೆಯಿಂದ ಇಳಿಸಿದೆ. ಹಲಗೆಯ ಮೇಲಿಟ್ಟು ಇಬ್ಬರೂ ಅದನ್ನೇ ನೋಡುತ್ತ ಕೂತೆವು. ನಾನು ಬೆರಳಿನಿಂದ ಒತ್ತಿ ನೋಡಿದೆ. ಹೆಬ್ಬೆರಳ ಬುಡದ ಮಾಂಸಖಂಡ ಒತ್ತಿದಷ್ಟು ಮೆತ್ತಗಿತ್ತು. ಕೊಯ್ದಾಗ ಅಂಚು ಕಂದು, ನಡುವೆಲ್ಲ ದಾಳಿಂಬೆ. ನಾನು ಹೆದರಿದ ಹಾಗೆ ಕೆಂಪು ಹರಿದು ಬರಲಿಲ್ಲ. ಸುಮ್ಮನೆ ಬಿಟ್ಟಿದ್ದಕ್ಕೆ ರಸ ಒಳಗೇ ನಿಂತಿತ್ತು.

ಬಾಯಿಗಿಟ್ಟೆ. ಮೊದಲು ಉಪ್ಪು, ಸುಟ್ಟ ಅಂಚು. ಆಮೇಲೆ ಆ ಬೀಗದ ಕಬ್ಬಿಣ, ಆದರೆ ಈಗ ಬೆಚ್ಚಗೆ. ಮೇಕೆಯ ಈಲಿಯಂತೆ ಇತ್ತು, ಈಲಿಯಲ್ಲ. ಅಗಿದಷ್ಟೂ ಹಿಂದಿನಿಂದ ಸಣ್ಣ ಸಿಹಿ ಬರುತ್ತಿತ್ತು. "ಏನು ತಿನ್ನುತ್ತವೋ ಇವು?" ಎಂದು ಕೇಳಿದೆ.

"ಓಕ್ ಮರದ ಕಾಯಿ. ಹೊಲಕ್ಕೆ ಬಿದ್ದು ಗೋವಿನಜೋಳ."

ಜೋಳವೇ ಇರಬೇಕು ಸಿಹಿ. ಆ ಕಾಯಿ ನಾನು ತಿಂದಿಲ್ಲ, ಅದರ ಒಗರು ಇರಬಹುದು ಕೊನೆಯಲ್ಲಿ ನಾಲಗೆಗೆ ಹತ್ತಿದ್ದು. ಇನ್ನೊಂದು ತುಂಡು ತಗೊಂಡೆ, ಗೊತ್ತಾಗಲಿ ಎಂದು. ಅವನು ತಿನ್ನದೆ ನನ್ನ ಮುಖವನ್ನೇ ನೋಡುತ್ತಿದ್ದ.

"ಇದೇನಾ?"

"ಅಲ್ಲ ಅನ್ಸುತ್ತೆ" ಅಂದೆ. "ಗೊತ್ತಿಲ್ಲ ಕಣೋ. ಇದು ಬೇರೆ."

ಅವನೂ ಒಂದು ತುಂಡು ಬಾಯಿಗಿಟ್ಟ. ಕಣ್ಣು ಮುಚ್ಚಲಿಲ್ಲ. ಅಗಿಯುತ್ತಲೇ, "ಮೊಲದ ಕಥೆ ಹೇಳು. ನಿನಗೆ ನೆನಪಿರೋದು ಅಷ್ಟೇ" ಅಂದ.

ಹೇಳಿದೆ. ಅಪ್ಪನ ಕೈ ಮಸಿ ಹತ್ತಿ ಕಪ್ಪಗಿತ್ತು. ತುಂಡನ್ನು ಊದಿ ಊದಿ ಆರಿಸಿ ನನ್ನ ಬಾಯಿಗಿಟ್ಟ. ಉಪ್ಪು ಜಾಸ್ತಿಯಾಗಿತ್ತು. ನೀನು ಹೊಲದ ಮರಕ್ಕೆ ಕಟ್ಟಿದ ತೊಟ್ಟಿಲಲ್ಲಿ ಅಳುತ್ತಿದ್ದೆ, ಅವ್ವ ಎದ್ದು ಹೋದಳು. ಅವ್ವ ಬೆರಳಿಗೆ ಆ ಉಪ್ಪನ್ನು ಸವರಿಕೊಂಡು ಹೋಗಿ ನಿನ್ನ ತುಟಿಗೆ ಹಚ್ಚಿದಳು ಎಂಬ ಮಾತು ನನ್ನ ನಾಲಗೆ ತುದಿಗೆ ಬಂತು. ಹಾಗೆ ಆಗಿತ್ತೋ, ಆ ಕ್ಷಣ ನಾನೇ ಕಟ್ಟಿದೆನೋ ಗೊತ್ತಾಗಲಿಲ್ಲ. ನುಂಗಿಕೊಂಡೆ.

"ಅಷ್ಟೇನಾ?" ಅಂದ.

"ಅಷ್ಟೇ."

ತಲೆ ಆಡಿಸಿದ. ಹಲಗೆಯ ಮೇಲೆ ಉಳಿದದ್ದನ್ನು ಎರಡು ಪಾಲು ಮಾಡಿ, ದೊಡ್ಡದನ್ನು ನನ್ನ ಕಡೆ ತಳ್ಳಿದ. "ಆಮೇಲೆ ಬಲೆ ಏನಾಯ್ತು? ಅಟ್ಟದ ಮೇಲೇ ಇತ್ತಾ?" ಎಂದು ಕೇಳಿದ.